ಬಾನೆಟ್ಟು ಬಿಸಿಯಿತ್ತು

ಮೊದಲ ದಿನ ಮೊಯ್ದು ಏನೂ ಬಿಚ್ಚಲಿಲ್ಲ.
ಬಾನೆಟ್ಟಿನ ಮೇಲೆ ಅಂಗೈಯಿಟ್ಟ, ಜ್ವರ ನೋಡುವವನ ಹಾಗೆ,
ತೆಗೆದ. "ಬಿಸಿಯಿದೆ. ನಡಿ, ಹೋಗುವ," ಅಂದ.
ನಾವು ಬರುವ ಮೊದಲೇ ಯಾರೋ ಎಬ್ಬಿಸಿ
ಗಂಟಲು ಸರಿಮಾಡಿಸಿ ಕೂರಿಸಿದ್ದಾರೆ.
ಹಳೆ ಗಾಡಿಯ ನಿಜ ಗೊತ್ತಾಗುವುದು
ಬೆಳಗಿನ ಮೊದಲ ಕೆಮ್ಮಿನಲ್ಲಿ.

ಮರುದಿನ ಆರಕ್ಕೇ ಹೋದೆವು, ಸಿದ್ದಾಪುರದ ಆಚೆ.
ಕಣದ ಕಾಫಿಯ ಮೇಲಿನ ಟಾರ್ಪಲು ಇನ್ನೂ ತೆಗೆದಿರಲಿಲ್ಲ.
ಬೆಂಜು ನಿಂತಿತ್ತು, ಕಪ್ಪು, ಹದಿನೆಂಟು ವರ್ಷದ್ದು,
ಹಿಂದಿನ ಬಲಗಾಲು ಕುಸಿದು
ಏಳಲೋ ಬೇಡವೋ ಅನ್ನುವ ಎಮ್ಮೆಯ ಹಾಗೆ.
ಮೊಯ್ದು ಕೈಯಿಟ್ಟು ಅಳೆದ: ನಾಲ್ಕು ಬೆರಳು ಇಳಿದಿದೆ.
"ರಾತ್ರಿಯೆಲ್ಲ ಗಾಳಿ ಬಿಟ್ಟಿದೆ.
ಇದೊಂದಕ್ಕೇ ನಲವತ್ತು ಸಾವಿರ ತೆಗೆದಿಡು."

ಕೀಲಿ ನನ್ನ ಕೈಗೆ ಕೊಟ್ಟರು.
ಇಪ್ಪತ್ತಾರು ವರ್ಷ ಬೇರೆಯವರ ಗಾಡಿ ಓಡಿಸಿದ ಕೈ,
ಮೂರು ಎಸ್ಟೇಟು, ಐದು ಸಾವ್ಕಾರ್ರು.
ಯಾವುದು ಎಲ್ಲಿ ಕೈಕೊಡುತ್ತದೆಂದು
ಸ್ಟೇರಿಂಗಿನ ನಡುಕದಲ್ಲೇ ಹೇಳಬಲ್ಲೆ.
ನನ್ನದೇ ದುಡ್ಡು ಹಾಕುವಾಗ ಮಾತ್ರ
ಕಿವಿಗೆ ಹತ್ತಿ ತುಂಬಿದಂತೆ.

ತಿರುಗಿಸಿದೆ.
ಡಬ್ಬಿಯಲ್ಲಿ ಒಣಬೀಜ ಕುಲುಕಿದ ಸದ್ದು,
ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ನಿಂತಿತು.
ಆಮೇಲೆ ಏನೂ ಇಲ್ಲ. ಓಡುತ್ತಿದೆಯೋ ಇಲ್ಲವೋ
ಮುಳ್ಳು ನೋಡಿ ತಿಳಿಯಬೇಕಾಯಿತು.
ಮೊಯ್ದು ಉದ್ದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟು
ಕಣ್ಣು ಮುಚ್ಚಿ ನಿಂತ.
ಆಯಿಲ್ ಮುಚ್ಚಳದೊಳಗೆ ಬೆರಳಾಡಿಸಿ ಮೂಸಿದ.
"ಹಾಲಾಗಿಲ್ಲ," ಅಂದ. ಹಾಗೆಂದರೆ ನೀರು ಸೇರಿಲ್ಲ.
"ಚೈನು ಸವೆದಿದೆ. ಇವತ್ತಲ್ಲ. ಇನ್ನೆರಡು ಮಳೆಗಾಲ."

ಸರ್ವಿಸ್ ಪುಸ್ತಕದಲ್ಲಿ ಮೂರು ವರ್ಷ ಖಾಲಿ.
ಮುದ್ರೆಯಿಲ್ಲ, ಸಹಿಯಿಲ್ಲ,
ಒಂದು ಜೇಡ ಮಾತ್ರ ಒಣಗಿ ಅಂಟಿಕೊಂಡಿತ್ತು.
"ಆಗ ಎಲ್ಲಿತ್ತಮ್ಮ ಇದು?"
ಚೋಂದಮ್ಮ ಶಾಲು ಎಳೆದುಕೊಂಡರು.
"ಶೆಡ್ಡಲ್ಲಿ. ಅವರು ಹೋದ ಮೇಲೆ ಓಡಿಸುವವರು ಯಾರು?
ಅರವತ್ತೊಂದಕ್ಕೆ ನಾನೇ ಕಲಿತೆ.
ಈ ಗೀರು ಗೇಟಿನ ಕಂಬ. ಇದು ಕಿತ್ತಳೆ ಗಿಡ.
ಇದು ಪೋಸ್ಟಾಫೀಸಿನ ಗೋಡೆ, ಅವರು ಮತ್ತೆ ಸುಣ್ಣ ಹೊಡೆದುಕೊಂಡರು."
"ಡಿಕ್ಕಿಯ ಮೇಲಿನ ಈ ತಗ್ಗು?"
"ಆನೆ," ಅಂದರು. ಸ್ವಲ್ಪ ಹೊತ್ತು ಬಿಟ್ಟು,
"ಆನೆ ಅಂತ ಎಲ್ಲರಿಗೂ ಹೇಳಿದ್ದೇನೆ, ಐತಪ್ಪ.
ನಾನೇ. ರಿವರ್ಸಿನಲ್ಲಿ, ನೀರಿನ ಟ್ಯಾಂಕಿಗೆ."

ನಿನ್ನೆ ಬಿಸಿ ಮಾಡಿಟ್ಟದ್ದು ಯಾಕೆಂದು ಮೊಯ್ದು ಕೇಳಿಯೇಬಿಟ್ಟ.
"ಇಲಿ ಕಾಟ. ದಿನಾ ಹತ್ತು ನಿಮಿಷ ಓಡಿಸದಿದ್ದರೆ ವೈರು ಉಳಿಯೋಲ್ಲ.
ನಿನ್ನೆ ಮಾತ್ರ," ಎಂದು ತಡೆದು,
"ನಿನ್ನೆ ಐದು ನಿಮಿಷ ಜಾಸ್ತಿ."

ಆನೆ ಕೊಂಡವನು ಅಂಕುಶಕ್ಕೆ ಅಳಬಾರದು ಅಂತಾರೆ.
ಇಲ್ಲಿ ಆನೆ ಅಗ್ಗ, ಅಂಕುಶವೇ ದುಬಾರಿ:
ಒಂದು ಹೆಡ್‌ಲೈಟಿಗೆ ನನ್ನ ಹಳೆ ಜೀಪಿನ ಬೆಲೆ.
ಮದುವೆಗೆ ಬಾಡಿಗೆ ಬಿಡುತ್ತೇನೆ ಅಂತ ಹೆಂಡತಿಗೆ ಹೇಳಿದ್ದೆ.
ಅದು ಅರ್ಧ ನಿಜ.

ಉಳಿದರ್ಧ ನೋಡಲು ಹಿಂದಿನ ಸೀಟಿನಲ್ಲಿ ಕೂತೆ.
ಇಪ್ಪತ್ತಾರು ವರ್ಷ ತೆರೆದ ಬಾಗಿಲು, ಒಳಗೆ ಹೋದವನಲ್ಲ.
ಚರ್ಮ ಬಿರುಕು ಬಿಟ್ಟಿತ್ತು. ಕಾಲು ಚಾಚಿದರೂ ಜಾಗ ಉಳಿಯಿತು.
ಅಲ್ಲಿಂದ ಡ್ರೈವರಿನ ಕತ್ತು ಕಾಣಬಹುದು, ಮುಖ ಕಾಣುವುದಿಲ್ಲ.
ಅದು ಗೊತ್ತಿರಲಿಲ್ಲ.
ಮೊಯ್ದು ಹೊರಗಿನಿಂದ ಬಾಗಿಲು ಹಾಕಿ,
"ಎಲ್ಲಿಗೆ ಸಾವ್ಕಾರ್ರೆ?" ಅಂದ.
ನಾನು ನಗಲಿಲ್ಲ. ಕಿಟಕಿಯ ಗುಂಡಿ ಒತ್ತಿದೆ.
ಅರ್ಧಕ್ಕೆ ಇಳಿದು ನಿಂತಿತು.

"ನಂಬಬಹುದಾ?" ಅಂದೆ, ಆ ಅರ್ಧ ಕಿಟಕಿಯಿಂದ.
"ಕೆಡುತ್ತೆ," ಅಂದ. "ಎಲ್ಲಿ ಅಂತ ಗೊತ್ತಾಯ್ತಲ್ಲ."

ಚೋಂದಮ್ಮ ಹನ್ನೆರಡು ಸಾವಿರ ಬಿಟ್ಟರು,
ಟ್ಯಾಂಕಿನ ಲೆಕ್ಕಕ್ಕೆ.
ಅಮ್ಮತ್ತಿಯ ತಿರುವಿನಲ್ಲಿ ಹಳದಿ ದೀಪವೊಂದು ಹೊತ್ತಿತು.
ಇಬ್ಬರೂ ನೋಡಿದೆವು, ಇಬ್ಬರೂ ರಸ್ತೆ ನೋಡಿದೆವು.
ಪೆಟ್ರೋಲ್ ಬಂಕು ದಾಟಿದ ಮೇಲೆ
ತಾನೇ ಆರಿತು.